ತಿರುವಿ ಹಾಕಿದ ಎಲೆ

ಮಾಡ್ಬರಿ, ಅಡಿಲೇಡ್
೧೩ ಮಾರ್ಚ್ ೨೦೧೮

ಪ್ರೀತಿಯ ಅಣ್ಣನಿಗೆ,

ನಿನ್ನ ತಮ್ಮ ವರುಣ ಮಾಡುವ ನಮಸ್ಕಾರ. ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಶನಿವಾರ ಮೈದಾನದ ಅಂಚಿನಲ್ಲಿ ನೀನು ಸೊಂಟ ಹಿಡಿದುಕೊಂಡು ನಿಂತದ್ದು ದೂರದಿಂದಲೇ ಕಂಡಿತು. ಅದು ಬೆನ್ನುನೋವಲ್ಲ ಎಂದು ಗೊತ್ತಿದ್ದರೂ ಕೇಳುವುದು ಧರ್ಮ. ಸೌಜನ್ಯ ಅತ್ತಿಗೆ, ಪುಟ್ಟ ಇಂಚರಾ ಆರೋಗ್ಯವಾಗಿರಬೇಕು. ಅಮ್ಮನಿಗೆ ಪರ್ತ್‌ನ ನಿಮ್ಮ ಸದರ್ನ್ ರಿವರ್ ಬಡಾವಣೆಯ ಬಿಸಿಲು ಒಗ್ಗಿತೇ? ನಾನು ಚೆನ್ನಾಗಿದ್ದೇನೆ. ಹಗಲು ಶಾಪಿಂಗ್ ಸೆಂಟರಿನ ಬೂಟಿನಂಗಡಿ, ಸಂಜೆ ಅಭ್ಯಾಸ, ಅಡುಗೆ ನಾನೇ. ಫೋನ್ ಮಾಡದೆ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಅದು ಆಗುವುದಿಲ್ಲ, ಕೊನೆಯವರೆಗೂ ಕೇಳಿಸಿಕೊಳ್ಳಲೇಬೇಕು.

ನಾನು ಪರ್ತ್‌ನ ಬೆಂಟ್ಲಿಗೆ ಓದಲು ಬಂದ ಹೊಸದರಲ್ಲಿ ಆ ಉದ್ದನೆಯ ಚೆಂಡನ್ನು ನನ್ನ ಕೈಗೆ ಕೊಟ್ಟವನು ನೀನೇ. ಮೈಸೂರಿನಲ್ಲಿ ಬೌಂಡರಿಯಿಂದ ನೇರ ವಿಕೆಟ್ಟಿಗೆ ಎಸೆಯುತ್ತಿದ್ದ ಕೈ ಇದು, ಅಮೆರಿಕನ್ನರ ಫುಟ್‌ಬಾಲಿಗೂ ಆದೀತು ಎಂದೆ. ಗಣಿ ಕಂಪನಿಯ ಗೆಳೆಯರಿಂದ ಆ ಆಟ ಕಲಿತು ನೀನು ಆಗಲೇ ಪರ್ತ್ ಪೆಲಿಕನ್ಸ್ ತಂಡದ ಕೋಚ್ ಆಗಿದ್ದೆ. ನಾವು ಆಡುವ ಸದರ್ನ್ ಗ್ರಿಡೈರನ್ ಲೀಗ್ ಎಂದರೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಎಂದರೇನು ಎಂದು ಅಮ್ಮ ಕೇಳಿದಾಗ ನಾನು ವಿವರಿಸಿದ್ದು ನೆನಪಿದೆಯೇ? "ಚೆಂಡು ಮೊದ್ಲು ನನ್ನ ಕೈಗೆ ಬರುತ್ತಮ್ಮ, ಯಾರಿಗೆ ಎಲ್ಲಿ ಅಂತ ನಾನೇ ಕೂಗಿ ಹೇಳಿ ಎಸೀಬೇಕು, ಅಷ್ಟರಲ್ಲಿ ದಾಂಡಿಗರು ನನ್ನ ಮೇಲೆ ಬೀಳ್ತಾರೆ." ಅದಕ್ಕೆ ಅಮ್ಮ, "ಹಾಗಾದ್ರೆ ಬಡಿಸೋನು ಅನ್ನು" ಎಂದಳು.

ಅಮ್ಮನ ಆ ಮಾತಿನಿಂದಲೇ ನಮ್ಮ ಗುಟ್ಟಿನ ಭಾಷೆ ಹುಟ್ಟಿತು. ಮೈದಾನವೇ ಬಾಳೆ ಎಲೆ. ತುದಿ ಎಡಕ್ಕೆ, ಬುಡ ಬಲಕ್ಕೆ. ಉಪ್ಪು ಎಂದರೆ ದೂರದ ಎಡ ಮೂಲೆಗೆ ಎಸೆತ, ಪಲ್ಯ ಎಂದರೆ ದೂರದ ಬಲಕ್ಕೆ, ಪಾಯಸ ಹತ್ತಿರದ ಬಲಕ್ಕೆ, ಅನ್ನ ಎಂದರೆ ಯಾರೂ ಎಸೆಯದೆ ನಡುವೆಯೇ ನುಗ್ಗುವುದು. ಹೆಲ್ಮೆಟ್ ಹಾಕಿಕೊಂಡ ಆರಡಿ ಆಳುಗಳು ನಾನು "ಪಾಯಸ" ಎಂದು ಕೂಗಿದ ಕೂಡಲೇ ಬಲಕ್ಕೆ ಓಡುತ್ತಿದ್ದರು. ಎದುರಾಳಿಗಳು ಕಕ್ಕಾಬಿಕ್ಕಿ. ಎರಡು ಸಲ ಕಪ್ ಗೆದ್ದೆವು. ಪತ್ರಿಕೆಯವರು ನಿನ್ನ ಜಾಣತನವನ್ನು ಹೊಗಳಿದರು, ನೀನು ಅಮ್ಮನ ಹೆಸರು ಕೂಡ ಹೇಳಲಿಲ್ಲ.

ಇನ್ನು ೨೦೧೩ರ ದೀಪಾವಳಿ. ನಿನ್ನ ಮನೆಯಲ್ಲಿ ಹೋಳಿಗೆ ಊಟ. ನೀನೇ ನಿಂತು ತುಪ್ಪ ಬಡಿಸಿದೆ, ಇನ್ನೊಂದು ಹಾಕ್ಕೋ ಎಂದು ಒತ್ತಾಯ ಮಾಡಿದೆ, ಕಾರಿನವರೆಗೂ ಬಂದು ಬೀಳ್ಕೊಟ್ಟೆ. ಮರುದಿನ ಅಭ್ಯಾಸಕ್ಕೆ ಹೋದರೆ ನನ್ನ ಜೆರ್ಸಿ ಟೆಕ್ಸಾಸಿನಿಂದ ಬಂದ ಹುಡುಗನ ಮೈಮೇಲಿತ್ತು. ತೆಗೆದದ್ದಕ್ಕೆ ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೂ ಆಟದಲ್ಲಿ ಅದು ಇದ್ದದ್ದೇ. ಊಟ ಹಾಕಿ, ಬಾಯಿ ಬಿಡದೆ ಕಳುಹಿಸಿದೆಯಲ್ಲ, ಅದನ್ನು ಮರೆಯಲಾರೆ. ಅದಕ್ಕೂ ಮಿಗಿಲಾದದ್ದನ್ನು ಆಮೇಲೆ ಮಾಡಿದೆ. ನಾನು ಬ್ರಿಸ್ಬೇನ್ ತಂಡ ಸೇರಿದಾಗ ಅಲ್ಲಿಯ ಕೋಚ್ ನಿನ್ನನ್ನು ವಿಚಾರಿಸಿದ. "ಒಳ್ಳೆ ಕೈ, ಆದ್ರೆ ಒತ್ತಡ ಬಂದ್ರೆ ನಡುಗುತ್ತೆ" ಎಂದೆಯಂತೆ. ಒಂದೇ ಮಾತು. ಬ್ರಿಸ್ಬೇನಿನ ಮೂರು ವರ್ಷ ಬೆಂಚಿನ ಮೇಲೆ ನೀರಿನ ಬಾಟಲಿ ಕಾಯುವುದರಲ್ಲಿ ಕಳೆಯಿತು. ಅಡಿಲೇಡಿಗೆ ಬಂದರೆ ಆ ಮಾತು ನನಗಿಂತ ಮೊದಲೇ ಬಂದು ಕುಳಿತಿತ್ತು. ಕೊನೆಗೆ ಅಮ್ಮನೂ ಫೋನಿನಲ್ಲಿ, "ಭಯ ಆದ್ರೆ ಬಿಟ್ಬಿಡೋ ಮಗನೆ, ಯಾರೂ ಏನೂ ಅನ್ನಲ್ಲ" ಎಂದಳು. ಆ ದಿನ ನಿನ್ನ ಮೇಲೆ ಹಲ್ಲು ಕಡಿದವನು ಇನ್ನೂ ಬಿಟ್ಟಿಲ್ಲ.

ಈಗ ನಿಮ್ಮ ಪೆಲಿಕನ್ಸಿಗೂ ನಮ್ಮ ಅಡಿಲೇಡಿಗೂ ನಡೆದ ಶನಿವಾರದ ಫೈನಲ್. ನೀನು ನೋಡಿದ್ದು ಆ ಕಡೆಯಿಂದ, ಈ ಕಡೆಯದನ್ನೂ ಕೇಳು. ನಾನು ಎಂದಿನಂತೆ ಬೆಂಚಿನಲ್ಲಿ. ನಿನ್ನ ಟೆಕ್ಸಾಸ್ ಹುಡುಗ "ಉಪ್ಪೂ" ಎಂದು ಕೂಗಿದ. ನನ್ನ ಕಿವಿ ನೆಟ್ಟಗಾಯಿತು. ಇಷ್ಟು ವರ್ಷವಾದರೂ ಅದೇ ಊಟ. ಅವರ ಎಡ ಮೂಲೆ, ಎಡ ಮೂಲೆ ಎಂದು ನಮ್ಮ ಡಿಫೆನ್ಸ್ ನಾಯಕ ಟೋನಿಗೆ ಅರಚಿದೆ. ಅವನು ನಂಬಿ ಎಡಕ್ಕೆ ಓಡಿದ. ಚೆಂಡು ಬಲ ಮೂಲೆಗೆ ಹೋಯಿತು, ನಿಮಗೆ ಅಂಕ ಬಂತು. ಟೋನಿ ನನಗೆ ಅಂದದ್ದನ್ನು ಇಲ್ಲಿ ಬರೆಯಲಾರೆ, ಅತ್ತಿಗೆಯೂ ಓದುತ್ತಾರೆ. ನಮ್ಮ ಕೋಚ್ ಬಾಯಿ ಮುಚ್ಚಿಕೊಂಡು ಕೂರು ಎಂದ. ನೀನು ಅತ್ತ ಕಡೆ ನಗುತ್ತಿದ್ದೆ. ಆಮೇಲೆ "ಪಲಿಯಾ" ಎಂದು ಕೂಗಿದರು, ಚೆಂಡು ದೂರದ ಎಡಕ್ಕೆ ಹೋಯಿತು. ಆಗ ಹೊಳೆಯಿತು. ತಮ್ಮ ಎದುರಿಗೆ ಕುಳಿತಿದ್ದಾನೆ ಎಂದು ನೀನು ಎಲೆಯನ್ನೇ ತಿರುವಿ ಹಾಕಿದ್ದೆ. ತುದಿ ಬಲಕ್ಕೆ. ಅಮ್ಮ ನೋಡಿದ್ದರೆ ಅಪಶಕುನ ಎಂದು ಕೈಯಲ್ಲಿದ್ದ ಸೌಟಿನಿಂದಲೇ ಬಾರಿಸುತ್ತಿದ್ದಳು. ಬೇರೆ ಯಾರಾದರೂ ಪದಗಳನ್ನೇ ಬದಲಾಯಿಸುತ್ತಿದ್ದರು. ನಿನಗೆ ಸೋಮಾರಿತನ, ಮೇಲೆ ವರುಣನ ತಲೆಗೆ ಇದು ಹೊಳೆಯುವುದಿಲ್ಲ ಎಂಬ ಧೈರ್ಯ. ಚಿಕ್ಕವನಿದ್ದಾಗಿನಿಂದಲೂ ನನ್ನ ತಲೆಯ ಬಗ್ಗೆ ನಿನಗೆ ಅದೇ ಧೈರ್ಯ.

ಟೋನಿಯ ಕಾಲು ಹಿಡಿಯುವುದೊಂದು ಬಾಕಿ. ಇನ್ನೊಂದೇ ಸಲ ನಂಬು, ತಪ್ಪಿದರೆ ನಾನೇ ಜೆರ್ಸಿ ಬಿಚ್ಚಿಟ್ಟು ಹೋಗುತ್ತೇನೆ ಎಂದೆ. ಟೆಕ್ಸಾಸ್ ಹುಡುಗ "ಪಾಯ್ಸಾ" ಎಂದು ಕೂಗಿದ್ದೇ ತಡ, ಟೋನಿ ಹತ್ತಿರದ ಎಡದಲ್ಲಿ ಕೈ ಚಾಚಿ ನಿಂತಿದ್ದ. ಚೆಂಡು ತಾನಾಗಿ ಅವನ ಮಡಿಲಿಗೆ ಬಂತು. ಅಲ್ಲಿಂದ ನಿನ್ನ ಹುಡುಗ ಬಡಿಸಿದ್ದೆಲ್ಲ ನಮ್ಮ ಎಲೆಗೇ ಬಿತ್ತು. ನೀನು ಕ್ಲಿಪ್‌ಬೋರ್ಡ್ ನೆಲಕ್ಕೆ ಕುಕ್ಕಿದಾಗ ನನಗೆ ಹೊಟ್ಟೆ ತಣ್ಣಗಾಯಿತು. ಇದನ್ನು ಬರೆಯಲು ನಾಚಿಕೆಯೂ ಇಲ್ಲ.

ಕಡೆಗೆ ನಮ್ಮ ಕ್ವಾರ್ಟರ್‌ಬ್ಯಾಕ್ ಪಾದ ಉಳುಕಿ ಬಿದ್ದ. ಬೇರೆ ಯಾರೂ ಇಲ್ಲದ್ದಕ್ಕೆ ನನ್ನನ್ನು ಇಳಿಸಿದರು. ನಾವು ಇನ್ನೂ ನಾಲ್ಕು ಅಂಕ ಹಿಂದೆ, ಉಳಿದದ್ದು ಒಂದೇ ಎಸೆತದ ಹೊತ್ತು. ನಾನು ನಿನ್ನ ಕಡೆಗೆ ತಿರುಗಿ ಕೂಗಿದ್ದು ನಮ್ಮ ತಂಡದ ಯಾವ ಗುಟ್ಟೂ ಅಲ್ಲ, ಅಣ್ಣ. "ಊಟ ಆಯ್ತು, ಎಲೆ ಎತ್ತು" ಎಂದೆ. ನಿನ್ನ ಮುಖ ಬಿಳಿಚಿಕೊಂಡಿತು. ನಿನ್ನ ದಾಂಡಿಗ ಬಂದು ಅಪ್ಪಳಿಸುವ ಮೊದಲು ಚೆಂಡು ಕೈಬಿಟ್ಟಿತ್ತು. ಅದು ಎಲ್ಲಿ ಇಳಿಯಿತೆಂದು ಬಿದ್ದಲ್ಲಿಂದ ನನಗೆ ಕಾಣಲಿಲ್ಲ, ಜನರ ಕೂಗಿನಿಂದ ಗೊತ್ತಾಯಿತು: ಆರು ಅಂಕ, ಕಪ್ ನಮ್ಮದು. ಎದ್ದು ಕೂತು ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ನಡುಗುತ್ತಿರಲಿಲ್ಲ. ಕೈ ಕುಲುಕದೆ ತಂಡದ ಬಸ್ಸು ಹತ್ತಿ ಹೋದೆಯಲ್ಲ, ಇಲ್ಲದಿದ್ದರೆ ನೀನೇ ಮುಟ್ಟಿ ನೋಡಬಹುದಿತ್ತು.

ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ ತಿಳಿಸು. ಈ ಕಾಗದವನ್ನು ಅವಳಿಗೆ ಓದಿ ಹೇಳು, ಒಂದು ಸಾಲೂ ಹಾರಿಸದೆ. ಅತ್ತಿಗೆಗೆ ನಮಸ್ಕಾರ, ಇಂಚರಾಳಿಗೆ ಚಿಕ್ಕಪ್ಪನ ಮುತ್ತು. ನೀನು ಬೆನ್ನು ನೋಡಿಕೋ.

ನಿನ್ನ ತಮ್ಮ,
ವರುಣ

ಮರೆತಿದ್ದೆ: ನಿಮ್ಮ ಪೆಲಿಕನ್ಸ್ ಅಧ್ಯಕ್ಷರು ಭಾನುವಾರ ಫೋನ್ ಮಾಡಿದ್ದರು. ಬೆಂಚಿನಲ್ಲಿ ಕೂತೇ ನಿಮ್ಮ ಗುಟ್ಟು ಒಡೆದವನು ನಾನು ಎಂದು ಟೋನಿಯಿಂದ ತಿಳಿಯಿತಂತೆ. ಬರುವ ಸೀಸನ್ನಿಗೆ ಮುಖ್ಯ ಕೋಚ್ ಆಗಿ ಪರ್ತ್‌ಗೆ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಎಂದೆ. ಹಾಗಾದರೆ ನಿಮ್ಮಣ್ಣ ಉತ್ತಮ್ ಅವರನ್ನು ತೆಗೆದುಬಿಡುತ್ತೇವೆ ಎಂದರು. ಬೇಡ, ತೆಗೆಯಬೇಡಿ, ನನ್ನ ಕೈಕೆಳಗೆ ಇರಲಿ, ದಿನಾ ಅಭ್ಯಾಸಕ್ಕೆ ಬರಲಿ ಎಂದೆ. ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದು ಅವರು ಮೆಚ್ಚಿಕೊಂಡರು. ನೀನು ಹಾಗೆ ಅಂದುಕೊಳ್ಳಬೇಡ.