ಮಂಜಿನಲ್ಲಿ ಮೂರು ಕೂ

ಯಲ್ಲಾಪುರ
೨೬ ನವೆಂಬರ್ ೨೦೨೪

ಪ್ರೀತಿಯ ತಂಗಿ ನಮಿತಾ,

ತ್ಯಾಗಲಿಯಲ್ಲಿರುವ ನಿನಗೆ ಅಕ್ಕ ವೇದಾಳ ಆಶೀರ್ವಾದ. ನಾವು ಕ್ಷೇಮ, ನನ್ನ ಮೊಣಕಾಲು ಮಾತ್ರ ಬೇರೆ ಸಂಸಾರ ಹೂಡಿದೆ. ಹೋದ ತಿಂಗಳೇ ಬರೆಯಬೇಕಿತ್ತು. ಮದುವೆ ಹಂಗಾಮು, ಅಂಗಡಿಯಲ್ಲಿ ಹೊಲಿಯುವ ರವಿಕೆಗಳ ರಾಶಿ. ತಡವಾಯಿತು, ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಎನ್ನಲೂ ಬೇಡ. ಅಭಿಜ್ಞಾಳ ಹೆಸರೆತ್ತಿದ ಕೂಡಲೇ ನೀನು ಫೋನು ಇಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದದೆ ನಿನಗೆ ನಿದ್ದೆ ಬಾರದು.

ಕಳೆದ ಶನಿವಾರ, ಭಾನುವಾರ ನಿನ್ನ ಮಗಳು ಅಭಿಜ್ಞಾ ನಡೆಸುವ ಚಾರಣಕ್ಕೆ ನಾನೂ ಹೋಗಿದ್ದೆ. ಹೌದು, ಅದೇ ಗುಡ್ಡಕ್ಕೆ, ನಮ್ಮ ಪ್ರಥಮನನ್ನು ಒಯ್ದ ಹೊಳೆ ಹುಟ್ಟುವಲ್ಲಿಗೆ. ತನ್ನ ತಮ್ಮನನ್ನೇ ನುಂಗಿದ ನೀರು ತೋರಿಸಲು ಊರವರನ್ನೆಲ್ಲ ಕರೆದೊಯ್ಯುತ್ತಾಳೆಂದು ನೀನು ಅವಳೊಡನೆ ಮಾತು ಬಿಟ್ಟಿದ್ದೀಯ. ಅವಳು ಅಲ್ಲಿ ಏನು ಮಾಡುತ್ತಾಳೆಂದು ನಮ್ಮ ಪೈಕಿ ಒಬ್ಬರಾದರೂ ಕಣ್ಣಾರೆ ನೋಡಬೇಡವೇ? ಅದಕ್ಕೇ ಹೋದೆ.

ಹುಬ್ಬಳ್ಳಿಯ ಹುಡುಗರು, ಎರಡು ಕುಟುಂಬ, ಹಾವೇರಿ ಕಡೆಯ ಶಂಕ್ರಪ್ಪನೆಂಬ ನಿವೃತ್ತ ಮೇಷ್ಟ್ರು, ಹೀಗೆ ನಮ್ಮ ಗುಂಪು. ಗುಡ್ಡದ ಬುಡದಲ್ಲಿ ಅಭಿಜ್ಞಾ ಎಲ್ಲರ ಚೀಲ ಬಿಚ್ಚಿಸಿದಳು. ಇಬ್ಬರು ಹುಡುಗರ ಚೀಲದಲ್ಲಿ ಬಾಟಲಿ ಸಿಕ್ಕಿತು. "ಕುಡಿದವರನ್ನ ನೀರಿನ ಹತ್ರ ನಾನು ಕರ್ಕೊಂಡು ಹೋಗೋದಿಲ್ಲ. ಜೀಪು ಇಲ್ಲೇ ಇದೆ, ಹತ್ತಿ," ಅಂದಳು. ದನಿ ಏರಿಸಲಿಲ್ಲ. ಗಡ್ಡ ಬಂದ ಗಂಡಸರಿಬ್ಬರು ತಲೆ ತಗ್ಗಿಸಿ ಜೀಪು ಹತ್ತಿದರು. ಥೇಟು ನೀನೇ, ತಂಗಿ. ನನಗೆ ಎದೆಯುಬ್ಬಿತು.

ದಾರಿಯಲ್ಲಿ ಕಾಡು ಕಾಯುವ ಚೌಡಿಯ ಕಲ್ಲಿದೆ. ಹೋಗುವವರು ಒಂದು ಹಸಿರು ಟೊಂಗೆ ಇಟ್ಟೇ ಮುಂದೆ ಹೋಗಬೇಕು. ಎಲ್ಲರೂ ಇಟ್ಟರು. ಶಂಕ್ರಪ್ಪನವರ ಸೊಸೆಯ ಪುರಾಣ ಕೇಳುತ್ತಿದ್ದ ನಾನೊಬ್ಬಳು ಮರೆತೆ. ಮೇಲಿನ ಬೋಳುಗುಡ್ಡ ತಲುಪಿದ ಮೇಲೆ ನೆನಪಾಯಿತು. ಚೌಡಿಗೆ ಸೊಪ್ಪು ಹಾಕದೆ ಹೊಳೆಯ ಹುಟ್ಟು ನೋಡಲು ಮನಸ್ಸು ಒಪ್ಪಲಿಲ್ಲ. ಯಾರಿಗೂ ಹೇಳದೆ ಹಿಂದಿರುಗಿದೆ. ಟೊಂಗೆ ಇಟ್ಟು ತಿರುಗುವಷ್ಟರಲ್ಲಿ ಮಂಜು ಕವಿಯಿತು. ನನ್ನ ಕೈಯೇ ನನಗೆ ಕಾಣದು, ಒಂದು ಬದಿಗೆ ಕೊಳ್ಳ.

ಮೇಲಿಂದ ಸೀಟಿ ಕೇಳಿಸಿತು. ಕೆಳಗಿನಿಂದ ಇನ್ನೊಂದು ಗುಂಪಿನ ಸೀಟಿಯೂ ಕೇಳಿಸಿತು. ನಮ್ಮದು ಯಾವುದೆಂದು ತಿಳಿಯದೆ ಅಲ್ಲೇ ಕೂತೆ. ಆಗ ಒಂದು ಕೂ ಬಂತು.

ನಾನು ಓಗೊಡಲಿಲ್ಲ. ಅಜ್ಜಿ ಹೇಳಿದ್ದು ನಿನಗೂ ಗೊತ್ತಲ್ಲ: ಕಾಡಿನಲ್ಲಿ ಹೆಸರು ಹಿಡಿದು ಕರೆಯಬಾರದು, ಕೂ ಹಾಕಬೇಕು. ಒಂದೇ ಕೂಗಿಗೆ ಓಗೊಡಬಾರದು, ಒಂದೇ ಕೂ ಹಾಕುವುದು ಮನುಷ್ಯರಲ್ಲ, ಮನುಷ್ಯರಾದರೆ ಮೂರು ಹಾಕುತ್ತಾರೆ. ಅರವತ್ತು ದಾಟಿದ ನಾನು ಬಾಯಿಗೆ ಸೆರಗು ಒತ್ತಿಕೊಂಡು ಮೂರನೆಯದಕ್ಕೆ ಕಾದೆ. ಅದು ಬೇಗ ಬರಲಿಲ್ಲ.

ಮೇಲೆ ಏನಾಯಿತೆಂದು ಶಂಕ್ರಪ್ಪ ಆಮೇಲೆ ಹೇಳಿದರು. "ಅಕ್ಕಾರ, ನೀವು ಓ ಅನ್ನಲಿಲ್ಲ ನೋಡ್ರಿ, ಹುಡುಗಿ ಮಾರಿ ಬೆಳ್ಳಗಾತು. ಕಲ್ಲಿನ ಮ್ಯಾಲೆ ಕುಂತ್ಲು. ನಾ ಕೂಗ್ಲೇನವ್ವಾ ಅಂದೆ. ಬ್ಯಾಡ್ರಿ, ನಾನೇ ಕೂಗಬೇಕು ಅಂತ ಎದ್ದು ನಿಂತ್ಲು."

ಪ್ರಥಮ ಹೋದಂದಿನಿಂದ ಅಭಿಜ್ಞಾ ಕೂ ಹಾಕಿದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ಕೊರಳಲ್ಲಿ ಸೀಟಿ. ಆ ಹುಡುಗಿ ಎರಡನೆಯದು ಹಾಕಿದಳು, ಮೂರನೆಯದನ್ನೂ ಹಾಕಿದಳು. ನಾನು ಇದ್ದ ಬದ್ದ ಉಸಿರೆಲ್ಲ ಸೇರಿಸಿ ಓಗೊಟ್ಟೆ. "ಅಲ್ಲೇ ಕೂತಿರು ದೊಡ್ಡಾಯಿ, ಅಲ್ಲಾಡಡ. ಆನೇ ಬರ್ತೆ," ಎಂದು ಮಂಜಿನೊಳಗಿಂದ ದನಿ ಬಂತು. ಹೇಳಿದಂತೆ ತಾನೇ ಇಳಿದು ಬಂದವಳು ನನ್ನ ಕೈ ಹಿಡಿದು ಅತ್ತಳು, ಆಮೇಲೆ ಚೆನ್ನಾಗಿ ಬೈದಳು. "ಎಂತಕ್ಕೆ ಹೇಳದೆ ಹೋದೆ?" ಅಂದಳು. ಬೈಸಿಕೊಂಡೆ. ಇಷ್ಟು ಸಂತೋಷದಿಂದ ನಾನು ಯಾರ ಬೈಗುಳವನ್ನೂ ತಿಂದಿಲ್ಲ.

ಮಂಜು ಹರಿದ ಮೇಲೆ ಹೊಳೆಯ ಹುಟ್ಟು ನೋಡಿದೆ. ಬಂಡೆಯ ಬುಡದಲ್ಲಿ ಒಂದು ಬೊಗಸೆ ನೀರು, ಅಷ್ಟೇ. ಆ ನೀರಿನ ಮೇಲೆ ನನಗೂ ಸಿಟ್ಟಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಕೆಳಗೆ ಸುಳಿ ಎಲ್ಲೆಲ್ಲಿದೆ, ಯಾವ ಕಲ್ಲು ಜಾರುತ್ತದೆ ಎಂದು ಅವಳು ಒಬ್ಬೊಬ್ಬರಿಗೂ ಬಿಡಿಸಿ ಹೇಳುವಾಗ ನನಗೆ ಅರ್ಥವಾಯಿತು. ಅವಳು ನೀರು ತೋರಿಸಲು ಕರೆದೊಯ್ಯುವುದಲ್ಲ, ಎಲ್ಲರನ್ನೂ ಮನೆಗೆ ವಾಪಸ್ ತರಲು ಕರೆದೊಯ್ಯುತ್ತಾಳೆ. ಇಂಥ ಮಗಳನ್ನು ಹೆತ್ತವಳು ನೀನು.

ಆರೋಗ್ಯ ನೋಡಿಕೋ. ನಿನ್ನ ಮನಸ್ಸಿಗೆ ದೇವರು ತಂಪು ಕೊಡಲಿ.

ನಿನ್ನ ಅಕ್ಕ,
ವೇದಾ

ತಾ.ಕ.: ಪ್ರಥಮನನ್ನು ಅಂಗಳದಲ್ಲಿ ಮಲಗಿಸಿದ ಆ ಸಂಜೆ ನೀನು ಅಭಿಜ್ಞಾಳ ಹೆಗಲು ಹಿಡಿದು ಅಲುಗಿಸಿ, "ನೀ ಒಂದ್ಸಲ ಕರದಿದ್ರೆ ಮಾಣಿ ತಿರುಗಿ ಬರ್ತಿದ್ದ" ಅಂದೆ. ಸಂಕಟದಲ್ಲಿ ಬಂದ ಮಾತು, ನಿನಗೆ ನೆನಪಿಲ್ಲದಿರಬಹುದು. ಅವಳು ಮರೆತಿಲ್ಲ. ಗುಡ್ಡ ಇಳಿಯುವಾಗ ನನ್ನ ಮುಖ ನೋಡದೆ ಹೇಳಿದಳು: "ಆಯಿಗೆ ಹೇಳು ದೊಡ್ಡಾಯಿ. ಅವತ್ತು ಆನು ಕರದಿದ್ದೆ. ಗಂಟಲು ಕಟ್ಟೋವರೆಗೂ ಕರದಿದ್ದೆ. ಹೊಳೆ ಶಬ್ದಕ್ಕೆ ಅವಂಗೆ ಕೇಳಿದ್ದಿಲ್ಲೆ."