ಡ್ಯಾಶ್‌ಬೋರ್ಡಿನ ಶಿವನ ಕೆಳಗೆ

ನವೆಂಬರ್ 18, ಮಂಗಳವಾರ. ವಿದ್ಯಾನಗರ.

ಅಪ್ಪನ ಹಳೇ ಫಿಯಟ್ ಕಾರಿನ ಮೂಲ ಬಣ್ಣ ಕೊನೆಗೂ ಸಿಕ್ಕಿತು. ಮತ್ತೆ ಅದೇ ಬಣ್ಣ ಹೊಡೆಸೋಣವೆಂದು ಹೊರಟು, ಒಂದು ತಿಂಗಳಿಂದ ಮನೆಯಲ್ಲಿ ಇದೇ ಜಗಳ. ಕೊಂಡಾಗ ಅದು ನೀಲಿ ಇತ್ತೆಂದು ಅಪ್ಪ, ತಿಳಿ ಹಸಿರು ಎಂದು ಅಮ್ಮ. ಇರುವ ಒಂದೇ ಫೋಟೋ ಕಪ್ಪು ಬಿಳುಪು.

ಭದ್ರಾವತಿಯ ಪೇಂಟರ್ ಪ್ರಕಾಶ್ ಬಾಗಿಲಿನ ರಬ್ಬರ್ ಕಿತ್ತು, ಡಿಕ್ಕಿಯೊಳಗೆ ಟಾರ್ಚ್ ಬಿಟ್ಟು ನೋಡಿ ಸೋತಿದ್ದರು. ಹಿಂದೆ ಬಣ್ಣ ಹೊಡೆದ ಪೇಂಟರುಗಳು ಎಲ್ಲವನ್ನೂ ತಗಡಿನವರೆಗೆ ಉಜ್ಜಿ ಬಳಿದಿದ್ದಾರೆ. ಇವತ್ತು ನಾವು ಮೂವರೂ ಅವರ ಶೆಡ್ಡಿಗೆ ಹೋಗಿದ್ದಾಗ, ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಹಿತ್ತಾಳೆಯ ಶಿವನ ಬಿಲ್ಲೆ ಅವರ ಕಣ್ಣಿಗೆ ಬಿತ್ತು.

"ಮೇಡಂ, ದೇವರನ್ನ ಕೀಳೋಕೆ ಯಾರಿಗೂ ಧೈರ್ಯ ಬಂದಿಲ್ಲ ನೋಡಿ. ಸುತ್ತ ಬಳಿದು ಬಿಟ್ಟಿದ್ದಾರೆ."

ಅಮ್ಮ ಅಡ್ಡ ಬಂದಳು. "ನಲವತ್ತೆಂಟು ವರ್ಷದಿಂದ ಕೂತಿರೋ ದೇವರು, ಅಲ್ಲಾಡಿಸಬೇಡ್ರಪ್ಪ!" ಅಷ್ಟು ಗಾಬರಿ ಯಾಕೋ ನನಗೆ ತಿಳಿಯಲಿಲ್ಲ. ಪ್ರಕಾಶ್ ಚಪ್ಪಲಿ ಬಿಟ್ಟು, ಕೈಮುಗಿದು, ಬಿಲ್ಲೆಯನ್ನು ಮೆಲ್ಲಗೆ ಎಬ್ಬಿಸಿದರು.

ತಿಳಿ ಹಸಿರು! ಎಳೆ ಸೌತೆಕಾಯಿಯ ತಿರುಳಿನ ಬಣ್ಣ. ಅದರ ನಡುವೆ ರೂಪಾಯಿಯಗಲದ ಸುಟ್ಟ ಕಲೆ.

ಅಪ್ಪ ಕನ್ನಡಕ ಏರಿಸಿದರು. "ಇದೇನೇ ಮಾರಾಯ್ತಿ?"

ಹೊಸ ಗಾಡಿಯ ಪೂಜೆಯ ದಿನ ಅಮ್ಮ ಕರ್ಪೂರವನ್ನು ತಟ್ಟೆಯಲ್ಲಿಡದೆ ಡ್ಯಾಶ್‌ಬೋರ್ಡಿನ ಮೇಲೇ ಹಚ್ಚಿದ್ದಳಂತೆ. ಅಪ್ಪ ನೋಡುವ ಮೊದಲೇ ಶಿವನನ್ನು ತಂದು ಅಂಟಿಸಿದ್ದಳಂತೆ. ಆಮೇಲೆ ಪ್ರತಿ ಆಯುಧ ಪೂಜೆಗೂ ಅಪ್ಪ ಅಲ್ಲಿಗೇ ವಿಭೂತಿ ಹಚ್ಚಿದ್ದು! ನಕ್ಕು ನಕ್ಕು ನನ್ನ ಹೊಟ್ಟೆ ಇನ್ನೂ ನೋಯುತ್ತಿದೆ.

"ಹಸಿರೇ ಅಂತ ನಾನು ಹೇಳಿರ್ಲಿಲ್ವಾ?" ಎಂದಳು ಅಮ್ಮ, ಬೇರೇನೂ ನಡೆದೇ ಇಲ್ಲವೆಂಬಂತೆ.

ಅಪ್ಪ ಪ್ರಕಾಶ್‌ಗೆ ಹೇಳಿದರು. "ಪೂರ್ತಿ ಹಸಿರು ಹೊಡೀರಿ. ಈ ಕಲೆ ಮಾತ್ರ ಬಿಡಿ. ಇನ್ಮೇಲೆ ಇವಳು ನನ್ನ ತಪ್ಪು ತೆಗೆದಾಗೆಲ್ಲ ತೋರಿಸೋಕೆ ಬೇಕು."

ಬಿಲ್ಲೆ ಅಮ್ಮನ ಸೆರಗಿನ ಗಂಟಿನಲ್ಲಿ ಮನೆಗೆ ಬಂದಿದೆ. ಈಗ ಅವಳು ಒಂದೊಂದೇ ಡ್ರಾಯರ್ ಎಳೆದು ಫೆವಿಕಾಲ್ ಹುಡುಕುತ್ತಿರುವ ಸದ್ದು ಕೇಳುತ್ತಿದೆ.