ಕೆಬಿ ಹರಿಹರ ಎಂಬ ವಿದ್ಯಾರ್ಥಿ

ಹರಿಹರ
12 ಮೇ 2025

ನನ್ನ ಮಗಳೂ ನನ್ನ ಮೇಡಮ್ಮೂ ಆದ ರಶ್ಮಿತಾಗೆ,

ಅವ್ವ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ, ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ನಾನು ಪೂರ್ತಿ ಹೇಳಬೇಕು.

ದಾವಣಗೆರೆಯಿಂದ ನೀನು ನಡೆಸುವ ಎಸ್ಸೆಸ್ಸೆಲ್ಸಿ ಗಣಿತದ ಆನ್‌ಲೈನ್ ಕ್ಲಾಸಿನಲ್ಲಿ 'ಕೆಬಿ ಹರಿಹರ' ಎಂಬ ಹೆಸರಿತ್ತಲ್ಲ, ಕ್ಯಾಮೆರಾ ಹಾಕದೆ ದಿನಾ ಚಾಟಿನಲ್ಲಿ ಡೌಟು ಕೇಳುತ್ತಿದ್ದುದು? ಅದು ನಾನೇ. ಕೊಕ್ಕನೂರು ಬಸವಣ್ಣೆಮ್ಮ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಪಾಸು ಎಂದು ನಿನಗೆ ಹೇಳಿದ್ದು ಸುಳ್ಳು. ಗಣಿತದಲ್ಲಿ ಫೇಲಾಗಿದ್ದೆ. ಮರು ವರ್ಷ ಮದುವೆಯಾಯಿತು.

ನಿಮ್ಮಪ್ಪನ ಅಂಗಡಿಯ ಫೋನಿನಿಂದ ಕ್ಲಾಸಿಗೆ ಸೇರಿಕೊಂಡೆ. ಮೊದಮೊದಲು ನಿನ್ನ ದನಿ ಕೇಳುವ ಆಸೆಯೇ ಹೆಚ್ಚಿತ್ತು. ಆಮೇಲೆ ಲೆಕ್ಕದ ರುಚಿ ಹತ್ತಿತು. ಅರ್ಥವಾಗದಿದ್ದರೆ ರೆಕಾರ್ಡಿಂಗ್ ಹಚ್ಚಿ, ನಿಧಾನ ಮಾಡಿಕೊಂಡು, ಮೂರು ಸಲ ಕೇಳುತ್ತಿದ್ದೆ. ನಮ್ಮ ಮೇಷ್ಟ್ರಿಗೆ ಇನ್ನೊಮ್ಮೆ ಹೇಳಿ ಎನ್ನುವ ಧೈರ್ಯ ಯಾರಿಗಿತ್ತು? ಫೋನಿನೊಳಗಿನ ನೀನು ಎಷ್ಟು ಸಲ ಕೇಳಿದರೂ ಸಿಡುಕುತ್ತಿರಲಿಲ್ಲ. ಸಂಜೆ ಆರಕ್ಕೆ ಯಾರಾದರೂ ಮನೆಗೆ ಬಂದರೆ ನಿಮ್ಮಪ್ಪ ಬಾಗಿಲಲ್ಲೇ, "ಮೆಲ್ಲಕ ಮಾತಾಡ್ರಿ, ಒಳಗ ಕ್ಲಾಸ್ ಐತೆ" ಅನ್ನುತ್ತಿದ್ದರು.

ಮಕ್ಕಳದೊಂದು ವಾಟ್ಸಾಪ್ ಗುಂಪಿತ್ತು, ನಿನ್ನನ್ನು ಬಿಟ್ಟು. ಅಲ್ಲಿ ನಾನು 'ಕೆಬಿ ಬ್ರೋ'. ನೀನು ಪರದೆಗೆ ಮುಖ ಒಡ್ಡಿ "ಕೇಳಿಸ್ತೈತಾ?" ಅನ್ನುತ್ತಿದ್ದೆಯಲ್ಲ, ಆ ಮುಖವನ್ನೇ ಹಿಡಿದು ನಿನ್ನ ಕ್ಲಾಸಿನ ನೌಮಾನ್ ಸ್ಟಿಕರ್ ಮಾಡಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆದರೆ ಒಂದು ಭಾನುವಾರ ನೀನು ಬಂದು, ಊಟದ ತಟ್ಟೆ ಮುಂದಿಟ್ಟುಕೊಂಡು ಏನಂದೆ? "ಎಲ್ಲಾ ಕಪ್ಪು ಚೌಕ ಅವ್ವ. ಗೋಡೆಗೆ ಪಾಠ ಮಾಡ್ದಂಗೆ ಆಗ್ತೈತೆ. ಈ ತಿಂಗಳಿಗೆ ಬಿಟ್ಟುಬಿಡ್ತೀನಿ." ಆ ಕಪ್ಪು ಚೌಕಗಳಲ್ಲಿ ಒಂದು ನಾನೇ ಆಗಿದ್ದೆ.

ನೀನು ಬಸ್ಸು ಹತ್ತಿದ ಮೇಲೆ ನಾನು ಗುಂಪಿಗೆ ದನಿ ಕಳಿಸಿದೆ: "ಮಕ್ಕಳಾ, ನಾನು ಕೆಬಿ. ನಿಮ್ಮ ಮೇಡಂ ನನ್ನ ಮಗಳು. ಯಾರೂ ಕೇಳ್ತಿಲ್ಲ ಅಂತ ಕೆಲ್ಸಾನ ಬಿಡಾಕ ಹೊಂಟಾಳ. ನಾಳೆ ಒಂದಿನ ಮುಖ ತೋರಿಸ್ರಪ್ಪ. ನಾನು ಹೇಳಿದ್ದು ಮಾತ್ರ ಆಕಿಗೆ ಹೇಳಬ್ಯಾಡ್ರಿ."

ಆಮೇಲೆ ನೌಮಾನ್ ಸ್ಟಿಕರ್ ಅಳಿಸಿ, "ಸಾರಿ ಅಜ್ಜಿ" ಎಂದು ಬರೆದ. ಅಜ್ಜಿ ಬ್ಯಾಡ, ಬ್ರೋ ಅಂತಲೇ ಅನ್ನು ಅಂದೆ.

ಮಾರನೇ ದಿನ ಅವನ ಚೌಕವೇ ಮೊದಲು ಬೆಳಗಿತು. ಒಬ್ಬಳು ನೆಟ್‌ವರ್ಕಿಗಾಗಿ ಮೆಟ್ಟಿಲ ಮೇಲೆ ಕೂತಿದ್ದಳು, ಇನ್ನೊಬ್ಬಳ ತೊಡೆ ಮೇಲೆ ತಮ್ಮ ಮಲಗಿದ್ದ. ಎಲ್ಲಿದ್ದೀಯಪ್ಪ ಎಂದು ನೀನು ಕೇಳಿದಾಗ ನೌಮಾನ್, "ಅಬ್ಬಾನ ಗ್ಯಾರೇಜ್‌ನಾಗೆ ಮೇಡಂ" ಅಂದ. ನೀನು ಪುಸ್ತಕ ಪಕ್ಕಕ್ಕಿಟ್ಟು ಅವನಿಂದ ಒಂದು ಚಕ್ರ ಉರುಳಿಸಿದೆ. ಚಕ್ರ ವೃತ್ತ, ಅದು ಒಂದೇ ಬಿಂದುವಿನಲ್ಲಿ ಮುಟ್ಟುವ ನೆಲ ಸ್ಪರ್ಶಕ ಅಂದೆ. ಮೂವತ್ತಾರು ವರ್ಷ ನನಗೆ ಹತ್ತದ ಮಾತು ಅರೆಗಳಿಗೆಯಲ್ಲಿ ತಲೆಗೆ ಹೋಯಿತು. ಕುಕ್ಕರ್ ಮೂರು ಸಲ ಕೂಗಿದರೂ ನಾನು ಏಳಲಿಲ್ಲ.

ಆವತ್ತು ನೀನು ಫೋನು ಮಾಡಿ, "ಅವ್ವ, ಇಪ್ಪತ್ತಮೂರು ಮುಖ!" ಎಂದು ಕುಣಿದೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ಹೌದಾ ಅಂದೆ. ನೊಂದುಕೊಳ್ಳಬೇಡ ಮಗಳೇ. ಮೊದಲ ದಿನ ಅವರು ಕ್ಯಾಮೆರಾ ಹಾಕಿದ್ದು ನನ್ನ ಮಾತಿಗೆ. ಮಾರನೇ ದಿನದಿಂದ ಪರೀಕ್ಷೆಯವರೆಗೂ ಹಾಕಿದ್ದು ನಿನ್ನ ಪಾಠಕ್ಕೆ. ನಾನು ಮತ್ತೊಮ್ಮೆ ಹೇಳಲೇ ಇಲ್ಲ.

ನೌಮಾನ್ ಪಾಸಾದ ಸುದ್ದಿ ನಿನಗೆ ಗೊತ್ತೇ ಇದೆ. ನನ್ನದು ಗೊತ್ತಿಲ್ಲ. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಲ್ಲಾ ವಿಷಯ ಬರೆದೆ. ಗಣಿತದಲ್ಲಿ ಐವತ್ತೆಂಟು. ನಿಮ್ಮಪ್ಪ ಓಣಿಗೆಲ್ಲ ಪೇಡೆ ಹಂಚಿ ಬಂದರು. ಯಾಕೆ ಎಂದು ಕೇಳಿದವರಿಗೆ, "ನಮ್ಮನಿಯಾಕಿ ಹತ್ತನೇತ್ತ ಪಾಸು" ಅಂದರಂತೆ.

ನಿನ್ನ ಅವ್ವ,
ಬಸವಣ್ಣೆಮ್ಮ, ಎಸ್ಸೆಸ್ಸೆಲ್ಸಿ

ತಾ.ಕ.: ಪಿಯುಸಿಗೆ ಅರ್ಜಿ ತಂದಿದ್ದೇನೆ. ಅದರಲ್ಲಿ ಪೋಷಕರ ಹೆಸರು, ಸಹಿ ಕೇಳಿದ್ದಾರೆ. ನಿಮ್ಮಪ್ಪ ಪೆನ್ನು ತೆಗೆದರು, ನಾನು ಬಿಡಲಿಲ್ಲ. ಅಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಭಾನುವಾರ ಬಂದು ಸಹಿ ಹಾಕು.